‘ಸೆಟ್’ ಎಂದು ಹುಡುಕಿ ನೋಡಿ: ಒಂದು ಡಿಕ್ಷನರಿಯ ಪರೀಕ್ಷೆ

ಡಿಕ್ಷನರಿ ಹೇಗಿದೆ ಎಂದು ನೋಡಲು ಬಾಯಿ ತಿರುಗದ ದೊಡ್ಡ ಪದಗಳನ್ನು ಹುಡುಕಬಾರದು. ಅಂಥ ಪದಕ್ಕೆ ಸಾಮಾನ್ಯವಾಗಿ ಇರುವುದೇ ಒಂದೋ ಎರಡೋ ಅರ್ಥ. ಅದನ್ನು ಯಾವ ಡಿಕ್ಷನರಿಯಾದರೂ ಹೇಳುತ್ತದೆ. ಇಂಗ್ಲಿಷಿನಲ್ಲಿ ಮೂರೇ ಅಕ್ಷರ ಇರುವ ‘ಸೆಟ್’ ಹುಡುಕಿ. ಅಲ್ಲಿ ಬಂಡವಾಳ ಬಯಲಾಗುತ್ತದೆ.

ನಾನು ಯಂತ್ರಗಳ ಕೈಪಿಡಿ, ಆ್ಯಪ್‌ಗಳ ಬಟನ್, ಬಳಕೆಯ ಸೂಚನೆ ಇಂಥವನ್ನೆಲ್ಲ ಕನ್ನಡಕ್ಕೆ ತರುವ ಕೆಲಸ ಮಾಡುವವಳು. ಬೇರೆಯವರು ಮಾಡಿದ್ದನ್ನು ತಿದ್ದುವುದೂ ಇರುತ್ತದೆ. ಈ ಕೆಲಸದಲ್ಲಿ ‘ಸೆಟ್’ ಬರದ ದಿನವೇ ಇಲ್ಲ. ಟೈಮರ್ ಸೆಟ್ ಮಾಡಿ, ಟೂಲ್‌ಗಳ ಒಂದು ಸೆಟ್, ಕಾಂಕ್ರೀಟ್ ಸೆಟ್ ಆಗಲು ಬಿಡಿ... ಹೀಗಾಗಿ ಯಾವ ಡಿಕ್ಷನರಿ ಕೈಗೆ ಬಂದರೂ ಮೊದಲು ನೋಡುವುದು ಇದೊಂದನ್ನೇ.

ಈಗ ಹೇಳಲು ಹೊರಟಿರುವುದು ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಬಗ್ಗೆ. ಇಂಗ್ಲಿಷ್ ಪದಕ್ಕೆ ಇಂಗ್ಲಿಷಿನಲ್ಲೇ ಅರ್ಥ ಹೇಳುವ ಪುಸ್ತಕ. ದಪ್ಪಗಿದೆ. ವೆಬ್‌ಸೈಟಿನಲ್ಲಿ ಪುಕ್ಕಟೆ ನೋಡಬಹುದು.

ಅದಕ್ಕೂ ಮೊದಲು, ತುಂಬಾ ಜನ ಫೋನಿನಲ್ಲಿ ಇಟ್ಟುಕೊಂಡಿರುವ ಒಂದು ಇಂಗ್ಲಿಷ್-ಕನ್ನಡ ಆ್ಯಪ್ ವಿಚಾರ. ಹೆಸರು ಬೇಡ. ಅದರಲ್ಲಿ ‘ಸೆಟ್’ ಒತ್ತಿದರೆ ಸಿಗುವುದು ಇಷ್ಟು: ಇಡು, ಗಣ, ಅಸ್ತಮಿಸು, ನಿಗದಿಪಡಿಸು, ಜೊತೆ, ಗಟ್ಟಿಯಾದ. ಮಧ್ಯೆ ಬರೀ ಕಾಮಾ. ಯಾವುದು ಯಾವಾಗ ಎಂಬ ಸುಳಿವೇ ಇಲ್ಲ. ಆರಕ್ಕೆ ಆರೂ ಸರಿಯೇ, ಅದೇ ತಮಾಷೆ. ತಿದ್ದಲು ಬಂದ ಒಂದು ಕೈಪಿಡಿಯಲ್ಲಿ ‘ಅಂಟು ಅಸ್ತಮಿಸುವವರೆಗೆ ಭಾರ ಇಡಬೇಡಿ’ ಎಂದಿತ್ತು. ಮುಂದಿನ ಪುಟದಲ್ಲಿ ಸ್ಪ್ಯಾನರ್‌ಗಳ ‘ಗಣ’. ಗಣಿತದ ಪುಸ್ತಕದಲ್ಲಿ ಸೆಟ್ ಅಂದರೆ ಗಣವೇ, ತಪ್ಪೇನಿಲ್ಲ. ಆದರೆ ಸ್ಪ್ಯಾನರ್‌ಗೆ ಯಾಕೆ ಅದು? ಅನುವಾದ ಮಾಡಿದವರನ್ನು ಬೈಯಲು ಮನಸ್ಸಾಗಲಿಲ್ಲ. ಆ ಸಾಲು ನೋಡಿದರೆ ಯಾರಿಗೆ ತಾನೇ ಏನು ಗೊತ್ತಾಗಬೇಕು?

ಲರ್ನರ್ಸ್ ಡಿಕ್ಷನರಿ ಗೆಲ್ಲುವುದು ಇಲ್ಲೇ. ‘ಸೆಟ್’ ಕ್ರಿಯಾಪದದ ಅರ್ಥಗಳಿಗೆ ಚಿಕ್ಕ ಚಿಕ್ಕ ತಲೆಬರಹ ಕೊಟ್ಟಿದ್ದಾರೆ. ಗಡಿಯಾರ ಮತ್ತು ಯಂತ್ರ, ಊಟದ ಮೇಜು, ಆಭರಣ, ಮೂಳೆ, ಕೂದಲು, ಸೂರ್ಯ-ಚಂದ್ರ, ಗಟ್ಟಿಯಾಗುವುದು, ಹೀಗೆ. ಬಸ್ಸಿನ ಬೋರ್ಡ್ ನೋಡಿ ಹತ್ತಿದ ಹಾಗೆ, ತಲೆಬರಹ ನೋಡಿಕೊಂಡು ಬೇಕಾದ ಅರ್ಥಕ್ಕೆ ಹೋಗಬಹುದು. ಎಲ್ಲವನ್ನೂ ಓದಬೇಕಾಗಿಲ್ಲ. ಕೈಯಲ್ಲಿರುವ ವಾಕ್ಯದಲ್ಲಿ ಅಂಟು ಇದೆಯೋ, ಅಲಾರಂ ಇದೆಯೋ, ಅಷ್ಟು ಗೊತ್ತಿದ್ದರೆ ಸಾಕು.

ಇದು ಹೀಗಿರುವುದಕ್ಕೆ ಕಾರಣವೂ ಇದೆ. ಇದನ್ನು ಶುರು ಮಾಡಿದ ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಮೊದಲ ರೂಪ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. ಆಕ್ಸ್‌ಫರ್ಡಿನವರು 1948ರಲ್ಲಿ ತಂದರು. ಅಂದರೆ ಹುಟ್ಟಿದ್ದೇ ಇಂಗ್ಲಿಷ್ ತಾಯ್ನುಡಿಯಲ್ಲದವರಿಗಾಗಿ. ನಾವು ಎಲ್ಲಿ ಎಡವುತ್ತೇವೆ ಎಂದು ಗೊತ್ತಿದ್ದವರ ಕೆಲಸ ಅದು. ಇಂಗ್ಲಿಷ್ ಮನೆಮಾತಾದವರು ‘ಸೆಟ್’ ಅಂದರೇನು ಎಂದು ಡಿಕ್ಷನರಿ ತೆಗೆಯುವುದು ಅಪರೂಪ, ಅಲ್ವಾ?

ಇನ್ನೊಂದು ಗುಣ, ಪದಕ್ಕೆ ಯಾರ ಸಹವಾಸ ಎಂದು ಹೇಳುವುದು. ‘ಸೆಟ್ ಇನ್’ ನೋಡಿ. ಬರೀ ‘ಶುರುವಾಗು’ ಎಂದು ಬರೆದು ಬಿಟ್ಟಿದ್ದರೆ ‘ಮದುವೆ ಸೆಟ್ ಇನ್ ಆಯಿತು’ ಎಂದು ಬರೆಯುವವರೂ ಇರುತ್ತಿದ್ದರು. ಇಲ್ಲಿ ಹಾಗಲ್ಲ. ಮಳೆ, ಸೋಂಕು, ಕೆಟ್ಟ ಹವಾಮಾನ ಇಂಥವು ಶುರುವಾಗಿ ಸದ್ಯಕ್ಕೆ ಹೋಗುವ ಲಕ್ಷಣ ಕಾಣದಿದ್ದಾಗ ಬಳಸುವ ಮಾತು ಎಂದು ಬಿಡಿಸಿ ಹೇಳಿದ್ದಾರೆ. ‘ಮಳೆ ಹಿಡಿಯಿತು’ ಅಂತೀವಲ್ಲ, ಅದೇ. ‘ಸೆಟ್ ಆಫ್’ ಅಂದರೆ ಹೊರಡುವುದೂ ಹೌದು, ಬಾಂಬು ಸಿಡಿಸುವುದೂ ಹೌದು, ಅಲಾರಂ ಹೊಡೆದುಕೊಳ್ಳುವಂತೆ ಮಾಡುವುದೂ ಹೌದು. ಮೂರನ್ನೂ ಬೇರೆ ಬೇರೆ ಮಾಡಿ ತೋರಿಸಿದ್ದಾರೆ.

ಕೊರತೆ ಏನು? ಇಷ್ಟೊಂದು ಅರ್ಥಗಳಿಗೆ ಒಂದಕ್ಕೊಂದು ನಂಟೇನು ಎಂಬುದು ಓದುತ್ತಾ ಹೋದರೆ ಗೊತ್ತಾಗುವುದಿಲ್ಲ. ಪದದ ಮೂಲ ಹೇಳುವ ಭಾಗವನ್ನು ಅರ್ಥಗಳೆಲ್ಲ ಮುಗಿದ ಮೇಲೆ ಇಟ್ಟಿದ್ದಾರೆ. ನನ್ನ ಪ್ರಕಾರ ಅದು ಮೇಲೇ ಇರಬೇಕಿತ್ತು. ಯಾಕೆಂದರೆ ಬೀಗದ ಕೈ ಅಲ್ಲಿದೆ. ಈ ಕ್ರಿಯಾಪದ ‘ಸಿಟ್’ ಎಂಬುದರ ಹತ್ತಿರದ ನೆಂಟ. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ನಮಗೆ ಇದಕ್ಕಿಂತ ಸುಲಭ ಇನ್ನೇನು ಬೇಕು? ಉಂಗುರಕ್ಕೆ ಹರಳು ಕೂರಿಸುತ್ತೇವೆ. ಜರುಗಿದ ಮೂಳೆಯನ್ನು ಅದರ ಜಾಗಕ್ಕೆ ಕೂರಿಸುತ್ತಾರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಸೆಟ್ಟೇ. ಗಡಿಯಾರದ ಮುಳ್ಳು, ಬೆಲೆ, ತಾರೀಖು ಎಲ್ಲವನ್ನೂ ಅಲುಗದ ಹಾಗೆ ಒಂದು ಕಡೆ ಕೂರಿಸುವ ಕೆಲಸ ಎಂದುಕೊಂಡರೆ ಅರ್ಧ ಪುಟ ತಾನಾಗಿ ತಿಳಿಯುತ್ತದೆ.

ಆದರೆ ಗುಂಪು ಅಥವಾ ಜೊತೆ ಎನ್ನುವ ‘ಸೆಟ್’ ಇದೆಯಲ್ಲ, ಅದಕ್ಕೆ ಇನ್ನೊಂದು ಬೇರೂ ಇದೆ. ಲ್ಯಾಟಿನ್ನಿನ ‘ಸೆಕ್ಟಾ’ ಹಳೆಯ ಫ್ರೆಂಚ್ ಮೂಲಕ ಬಂದು ಇದರೊಳಗೆ ಸೇರಿಕೊಂಡಿದೆ. ಪಂಥ ಎನ್ನುವ ಅರ್ಥದ ‘ಸೆಕ್ಟ್’ ಕೂಡ ಅದರದೇ ಸಂತಾನ. ಸ್ಪ್ಯಾನರ್ ಸೆಟ್ಟಿಗೂ ಪಂಥಕ್ಕೂ ದೂರದ ಸಂಬಂಧ! ಇಂಥದ್ದನ್ನು ಮೂಲೆಯಲ್ಲಿ ಇಡುತ್ತಾರಾ ಯಾರಾದರೂ?

ಇದರ ದೊಡ್ಡಣ್ಣ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಕಥೆಯೇ ಬೇರೆ. 1989ರ ಎರಡನೇ ಆವೃತ್ತಿ 20 ಸಂಪುಟ. ಅದರಲ್ಲಿ ಅತಿ ಉದ್ದದ ನಮೂದು ಇದೇ ‘ಸೆಟ್’. ಸುಮಾರು 60,000 ಪದಗಳ ವಿವರಣೆ, ಬರೀ ಕ್ರಿಯಾಪದಕ್ಕೇ 430 ಅರ್ಥ. ಆಮೇಲೆ ನಮೂದುಗಳನ್ನು ಪರಿಷ್ಕರಿಸುತ್ತಾ ಹೋದಾಗ ಮೊದಲು ‘ಮೇಕ್’, ನಂತರ ‘ಪುಟ್’, 2011ರಲ್ಲಿ ‘ರನ್’ ಇದನ್ನು ಹಿಂದೆ ಹಾಕಿದವು. ರನ್‌ಗೆ 645 ಅರ್ಥ. ಪುರುಸೊತ್ತಿದ್ದಾಗ ಓದಲು ಬಲು ಸೊಗಸು. ಸಂಜೆಯೊಳಗೆ ಕೆಲಸ ಕೊಡಬೇಕಾದಾಗ ಅದರ ತಂಟೆಗೆ ಹೋಗಬೇಡಿ. ಅಲ್ಲಿ ಅರ್ಥಗಳನ್ನು ಜೋಡಿಸಿರುವುದು ಇತಿಹಾಸದ ಕ್ರಮದಲ್ಲಿ. ಇವತ್ತಿನ ಅರ್ಥ ಸಿಗುವ ಹೊತ್ತಿಗೆ ನಾಲ್ಕಾರು ಶತಮಾನ ದಾಟಿರುತ್ತೀರಿ.

ಫೋನಿನಲ್ಲಿ ನೋಡುವವರಿಗೆ ಒಂದು ಮಾತು. ‘ಸೆಟ್’ನಂಥ ಪದಕ್ಕೆ ಸ್ಕ್ರೀನ್ ಜಾರಿಸಿ ಜಾರಿಸಿ ಬೆರಳು ಸೋಲುತ್ತದೆ. ಕ್ರಿಯಾಪದಕ್ಕೊಂದು ಪುಟ, ನಾಮಪದಕ್ಕೊಂದು ಪುಟ. ಪುಸ್ತಕದಲ್ಲಾದರೆ ಕಣ್ಣಾಡಿಸಿದರೆ ಮುಗಿಯಿತು. ನಾನು ಈ ಥರ ಪದಗಳಿಗೆ ಪುಸ್ತಕ, ಉಚ್ಚಾರಣೆ ಕೇಳಲು ವೆಬ್‌ಸೈಟ್ ಎಂದು ಮಾಡಿಕೊಂಡಿದ್ದೇನೆ.

ಅಂದಹಾಗೆ, ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಎನ್ನುತ್ತೇವಲ್ಲ, ಆ ಸೆಟ್ ಇದರಲ್ಲಿಲ್ಲ. ಅದು ಪೂರ್ತಿ ನಮ್ಮದೇ ಆಸ್ತಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಳೆದಿದ್ದು ಪದದ ಮೂಲವನ್ನು ಕೊನೆಗೆ ತಳ್ಳಿದ್ದಕ್ಕೆ. ಇಂಗ್ಲಿಷ್ ವಾಕ್ಯ ಓದಿ ತಕ್ಕಮಟ್ಟಿಗೆ ಅರ್ಥವಾಗುವವರು ತೆಗೆದುಕೊಳ್ಳಬಹುದು. ಈಗಷ್ಟೇ ಇಂಗ್ಲಿಷ್ ಕಲಿಯುತ್ತಿರುವವರಿಗೆ ಜಾಸ್ತಿಯಾಯಿತು. ಅವರು ಸದ್ಯಕ್ಕೆ ಉದಾಹರಣೆ ವಾಕ್ಯಗಳಿರುವ ಯಾವುದಾದರೂ ಇಂಗ್ಲಿಷ್-ಕನ್ನಡ ನಿಘಂಟು ಇಟ್ಟುಕೊಳ್ಳಲಿ. ಕಾಮಾ ಮಾತ್ರ ಇರುವುದು ಬೇಡ.