ಉಂಚಳ್ಳಿ ಜಲಪಾತ: ಜೋಗದಲ್ಲಿ ನೀರಿಲ್ಲ ಅಂತ ಬೇಜಾರಾದವ್ರು ಇಲ್ಲಿಗೆ ಹೋಗಿ

ಐದಕ್ಕೆ ನಾಲ್ಕು ಸ್ಟಾರ್. ಜೋಗಕ್ಕೆ ಹೋದವ್ರಲ್ಲಿ ಎಷ್ಟೋ ಜನ "ನೀರೇ ಇರ್ಲಿಲ್ಲ ಮಾರಾಯ" ಅಂತ ಮುಖ ಸಣ್ಣ ಮಾಡ್ಕೊಂಡು ವಾಪಸ್ ಬರ್ತಾರಲ್ಲ, ಪಾಪ ಜೋಗದ್ದೇನೂ ತಪ್ಪಿಲ್ಲ, ಮೇಲೆ ಲಿಂಗನಮಕ್ಕಿ ಡ್ಯಾಂ ಇದೆ, ಅಲ್ಲಿ ಗೇಟ್ ತೆಗೆದ್ರೆ ಇಲ್ಲಿ ಅಬ್ಬರ, ಇಲ್ಲಾಂದ್ರೆ ಬರೀ ಬಂಡೆ. ಉಂಚಳ್ಳೀಲಿ ಧುಮುಕೋದು ಅಘನಾಶಿನಿ ಹೊಳೆ, ಅದಕ್ಕೆ ಆ ಥರ ದೊಡ್ಡ ಡ್ಯಾಂ ಒಂದೂ ಇಲ್ಲ, ಶಿರಸಿ ಹತ್ರ ಹುಟ್ಟಿ ಕುಮಟಾ ಹತ್ರ ಸಮುದ್ರ ಸೇರೋವರೆಗೂ ತನ್ನ ಪಾಡಿಗೆ ಹರಿಯುತ್ತೆ. ಮಳೆ ಎಷ್ಟು ಕೊಡುತ್ತೋ ಅಷ್ಟೂ ಉಂಚಳ್ಳೀಲಿ ಬೀಳುತ್ತೆ, ನಡುವೆ ಯಾರ ಕೈಯೂ ಇಲ್ಲ.

ಎತ್ತರ 116 ಮೀಟರ್, ಜೋಗದ 253ರ ಅರ್ಧಕ್ಕೂ ಕಮ್ಮಿ. ಆದ್ರೆ ಎದುರು ನಿಂತಾಗ ಆ ಲೆಕ್ಕ ಯಾರಿಗೆ ನೆನಪಿರುತ್ತೆ ಹೇಳಿ, ಇಡೀ ಹೊಳೆ ಒಂದೇ ಸಲ ಕಣಿವೆಗೆ ಧುಮುಕುತ್ತೆ, ಸುತ್ತ ಹಸಿರು ಬಿಟ್ರೆ ಒಂದು ಮನೆ ಮಾಡೂ ಕಾಣಲ್ಲ, ಪಕ್ಕದಲ್ಲಿರೋರ ಜೊತೆ ಮಾತಾಡ್ಬೇಕಂದ್ರೂ ಕೂಗ್ಬೇಕು. ಊರವ್ರು ಕೆಪ್ಪ ಜೋಗ ಅಂತಾನೇ ಕರೆಯೋದು. 1845ರಲ್ಲಿ ಲುಷಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ ಇದನ್ನ "ಕಂಡುಹಿಡಿದ" ಅಂತ ಎಲ್ಲಾ ಕಡೆ ಬರ್ದಿರ್ತಾರೆ, ಅಲ್ಲೀವರೆಗೆ ಸುತ್ತಮುತ್ತ ಅಡಿಕೆ ತೋಟ ಮಾಡ್ಕೊಂಡಿದ್ದವ್ರಿಗೆ ಕಿವಿ ಇರ್ಲಿಲ್ವೇನೋ!

ದಾರಿ ಬಗ್ಗೆ. ಶಿರಸಿಯಿಂದಾನೂ ಬರ್ಬಹುದು ಸಿದ್ದಾಪುರದಿಂದಾನೂ ಬರ್ಬಹುದು, ಎರಡೂ ಕಡೆಯಿಂದ ಹೆಗ್ಗರಣೆ ಅನ್ನೋ ಊರು ಕೇಳ್ಕೊಂಡು ಬನ್ನಿ, ಕೊನೆಯಲ್ಲಿ ಗಾಡಿ ನಿಲ್ಸಿ ಕಾಡಲ್ಲಿ ನಡೀಬೇಕು. ಮೊಬೈಲ್ ಸಿಗ್ನಲ್ ನಂಬ್ಕೋಬೇಡಿ, ಮ್ಯಾಪ್ ಮೊದ್ಲೇ ಡೌನ್‌ಲೋಡ್ ಮಾಡಿ, ಕೈಯಲ್ಲಿ ಸ್ವಲ್ಪ ಚಿಲ್ಲರೆ ಇರ್ಲಿ. ಊಟ ತಿಂಡಿ ಪೇಟೇಲೇ ಮುಗ್ಸಿ. ಮಳೆಗಾಲ ಆದ್ರೆ ಉಂಬಳ (ಜಿಗಣೆ) ಗ್ಯಾರಂಟಿ, ಸುಣ್ಣ ಇಲ್ಲಾ ಉಪ್ಪು ಜೇಬಲ್ಲಿಟ್ಕೊಳ್ಳಿ. ಇದು ಸಿಂಗಳೀಕ (ಸಿಂಹದ ಬಾಲದ ಕೋತಿ) ಇರೋ ಕಾಡು, ಕಣ್ಣಿಗೆ ಬೀಳೋದು ಅದೃಷ್ಟ, ಬಿದ್ರೆ ದಯವಿಟ್ಟು ಚಿಪ್ಸ್ ಎಸೀಬೇಡಿ.

ಒಂದು ಸ್ಟಾರ್ ಕಟ್ ಮಾಡಿದ್ದು ಜಲಪಾತಕ್ಕಲ್ಲ, ನಮ್ಮಂಥ ಟೂರಿಸ್ಟ್‌ಗಳಿಗೆ. ಬೇಲಿ ಹಾರಿ ಸೆಲ್ಫಿ ತಗೊಳ್ಳೋರು, ಮೆಟ್ಲ ಪಕ್ಕ ನೀರಿನ ಬಾಟ್ಲಿ ಬಿಸಾಕೋರು, ಅಷ್ಟು ಸದ್ದಲ್ಲೂ ಸ್ಪೀಕರ್ ಹಚ್ಚೋರು (ಯಾರಿಗೆ ಕೇಳ್ಸುತ್ತೆ ಅಂತಾನೋ!).

ಆಷಾಢ ಶ್ರಾವಣದಲ್ಲಿ ನೀರೇನೋ ಜೋರು, ಆದ್ರೆ ಮಂಜು ಮುಚ್ಕೊಂಡ್ರೆ ಬರೀ ಶಬ್ದ ಕೇಳ್ಕೊಂಡು ಬರ್ಬೇಕು. ಅಕ್ಟೋಬರ್, ನವೆಂಬರ್ ಬೆಸ್ಟ್, ನೀರೂ ಇರುತ್ತೆ, ಕಾಣ್ಸೋದೂ ಕಾಣ್ಸುತ್ತೆ. ವಯಸ್ಸಾದವ್ರಿಗೆ ಇಳಿಯೋದು ಸಲೀಸು, ಹತ್ತೋದು ಕಷ್ಟ, ನಿಧಾನಕ್ಕೆ ಕೂತು ಕೂತು ಬನ್ನಿ. ಇಲ್ಲಿ ನೋಡೋದು ದೂರದಿಂದಾನೇ, ನೀರಿಗೆ ಇಳಿಯೋ ಜಾಗ ಅಲ್ಲ. ಮಕ್ಕಳು ನೀರಾಟ ಅಂತ ಹಠ ಮಾಡಿದ್ರೆ ಮಳೆ ಕಮ್ಮಿಯಾದ್ಮೇಲೆ ಯಲ್ಲಾಪುರ ಕಡೆ ಸಾತೊಡ್ಡಿ ಜಲಪಾತಕ್ಕೆ ಕರ್ಕೊಂಡು ಹೋಗಿ.