ಹೋಮ್‌ಸ್ಟೇಗೆ ಲಾಂಡ್ರಿ ಸೇವೆ: ತೊಳೆಯುವುದು ಚೆನ್ನಾಗಿದೆ, ರೇಟಿನ ಮಾತು ಬರೆಸಿಕೊಳ್ಳಿ

ಗೋಕರ್ಣದಲ್ಲಿ ನಮ್ಮದು ಪುಟ್ಟ ಹೋಮ್‌ಸ್ಟೇ. ಬೆಡ್‌ಶೀಟ್, ಟವೆಲ್, ದಿಂಬಿನ ಕವರ್ ಎಲ್ಲಾ ಕೆಲವು ವರ್ಷಗಳಿಂದ ಒಂದೇ ಲಾಂಡ್ರಿಗೆ ಹೋಗುತ್ತಿವೆ. ಅವರ ಹೆಸರು ಹಾಕುತ್ತಿಲ್ಲ.

ತೊಳೆಯುವುದರಲ್ಲಿ ಇವರಿಗೆ ಪೂರ್ತಿ ಅಂಕ. ಕುಡ್ಲೆ, ಓಂ ಬೀಚ್ ಸುತ್ತಿ ಬಂದವರ ಟವೆಲ್ ಅಂದ್ರೆ ಉಪ್ಪು, ಮರಳು, ಸನ್‌ಸ್ಕ್ರೀನ್ ಜಿಡ್ಡು ಎಲ್ಲಾ ಇರುತ್ತದೆ. ಒಂದು ಕಲೆಯೂ ಉಳಿಯುವುದಿಲ್ಲ. ಆಷಾಢದ ಮಳೆಯಲ್ಲಿ ಬಟ್ಟೆ ಮನೆಯೊಳಗೆ ಹರವಿದರೆ ಮುಗ್ಗಲು ವಾಸನೆ ಗ್ಯಾರಂಟಿ. ಇವರ ಡ್ರೈಯರ್ ಇರುವುದಕ್ಕೇ ನಾವು ಮಳೆಗಾಲದಲ್ಲೂ ರೂಮ್ ಕೊಡುತ್ತೇವೆ.

ತಕರಾರು ಬಂದದ್ದು ದುಡ್ಡಿನ ವಿಷಯಕ್ಕೆ. ಶುರುವಿನಲ್ಲಿ ಕಾಗದಪತ್ರ ಏನೂ ಆಗಿರಲಿಲ್ಲ. ವಾಟ್ಸಾಪಿನಲ್ಲಿ ಅವರು ಪೀಸಿಗೆ ಇಷ್ಟು ಅಂತ ರೇಟ್ ಕಳಿಸಿದರು, ‘ಆಯ್ತು, ಸೋಮವಾರ ಗಾಡಿ ಕಳಿಸಿ’ ಅಂದೆವು. ಅಷ್ಟಕ್ಕೇ ಕರಾರು ಆಗುತ್ತದೆ. ಮೆಸೇಜಿನಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವ ಹಾಗಿಲ್ಲ.

ಒಂದು ವರ್ಷ ಮೇ ಕೊನೆಗೆ ಅವರಿಂದ ಮೆಸೇಜ್: ‘ಜೂನ್‌ನಿಂದ ತಿಂಗಳಿಗೆ ಕನಿಷ್ಠ 300 ಪೀಸಿನ ಬಿಲ್. ಬಟ್ಟೆ ಕೊಟ್ಟರೂ ಅಷ್ಟೇ, ಬಿಟ್ಟರೂ ಅಷ್ಟೇ.’ ಮಳೆಗಾಲದಲ್ಲಿ ನಮ್ಮಲ್ಲಿ ಅದರ ಕಾಲು ಭಾಗವೂ ಆಗುವುದಿಲ್ಲ. ನನ್ನ ಹೆಂಡತಿ ಅವತ್ತೇ ಉತ್ತರ ಹಾಕಿದಳು: ‘ಅಣ್ಣಾ, ಇದಕ್ಕೆ ನಮ್ಮ ಒಪ್ಪಿಗೆ ಇಲ್ಲ. ಹಳೇ ಲೆಕ್ಕದಲ್ಲೇ ಆಗುವುದಾದರೆ ಗಾಡಿ ಕಳಿಸಿ.’ ಗಾಡಿ ಬಂತು. ಮಳೆಗಾಲ ಪೂರ್ತಿ ಬಿಲ್ ಹಳೇ ಲೆಕ್ಕದಲ್ಲೇ ಬಂತು, ಕಟ್ಟಿದೆವು. ದೀಪಾವಳಿ ಹೊತ್ತಿಗೆ ನೋಡಿದರೆ ‘ಮಿನಿಮಮ್ ಬಾಕಿ’ ಅಂತ ನಾಲ್ಕೂ ತಿಂಗಳದ್ದು ಒಟ್ಟಿಗೆ!

ಹೊಸ ನಿಯಮ ತಿಳಿಸಿದ ಮೇಲೂ ಬಟ್ಟೆ ಕೊಟ್ಟಿದ್ದೀರಿ, ಅಂದರೆ ಒಪ್ಪಿದ ಹಾಗೇ ಅಲ್ವಾ ಅಂತ ಅವರ ವಾದ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1872ರ ಕರಾರು ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬಾಯಿಬಿಟ್ಟು ಹೇಳದೆ, ನಡೆದುಕೊಂಡ ರೀತಿಯಿಂದಲೂ ಒಪ್ಪಿಗೆ ಆಗಬಹುದು. ಸುಮ್ನೆ ಇದ್ದು ಗಂಟು ಕಟ್ಟಿ ಕೊಡುತ್ತಾ ಹೋಗಿದ್ದರೆ ನಮಗೆ ಕಷ್ಟವಿತ್ತು. ಆದರೆ ನಾವು ಬೇಡ ಅಂದಾಗಿತ್ತು. ಅದನ್ನು ಓದಿ ಗಾಡಿ ಕಳಿಸಿದವರು ಅವರು, ಹಳೇ ಬಿಲ್ ಕೊಟ್ಟವರೂ ಅವರೇ.

ಕುಮಟಾದ ವಕೀಲರು 62ನೇ ಸೆಕ್ಷನ್ ತೋರಿಸಿದರು: ಕರಾರು ಬದಲಾಗಬೇಕಾದರೆ ಎರಡೂ ಕಡೆಯವರು ಒಪ್ಪಬೇಕು. ಸಾಂಗ್‌ಯಾಂಗ್ ಅನ್ನುವ ಗುತ್ತಿಗೆ ಕಂಪನಿಯ 2019ರ ಪ್ರಕರಣದಲ್ಲಿ ಹೆದ್ದಾರಿ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿ ದರದ ಸೂತ್ರ ಬದಲಿಸಲು ಹೋಗಿತ್ತು. ಒಪ್ಪದವರ ಮೇಲೆ ಬದಲಾವಣೆ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ದೊಡ್ಡ ಸಂಸ್ಥೆಗೇ ಇಲ್ಲದ ಅಧಿಕಾರ ಲಾಂಡ್ರಿಗೆ ಎಲ್ಲಿಂದ ಬರಬೇಕು?

ಮೆಸೇಜು, ಬಿಲ್ಲು ಎಲ್ಲಾ ಮುಂದಿಟ್ಟ ಮೇಲೆ ಬಾಕಿ ಬಿಟ್ಟರು. ಮೆಸೇಜ್ ಅಳಿಸಬೇಡಿ. ಕೋರ್ಟಿನ ತನಕ ಹೋದರೆ ಬರೀ ಸ್ಕ್ರೀನ್‌ಶಾಟ್ ಸಾಲದು, ಅದು ಯಾವ ಫೋನಿನಿಂದ, ಹೇಗೆ ತೆಗೆದದ್ದು ಅಂತ ಹೇಳುವ, ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರವೂ ಬೇಕು.

ಈಗ ಒಂದು ಹಾಳೆಯ ಒಪ್ಪಂದ ಇದೆ. ರೇಟ್ ಬದಲಿಸಲು ಇಬ್ಬರ ಸಹಿ ಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಿನಿಮಮ್ ಇಲ್ಲ. ಬದಲಿಗೆ ಸೀಸನ್ನಿನಲ್ಲಿ ಪೀಸಿಗೆ ಸ್ವಲ್ಪ ಜಾಸ್ತಿ ಕೊಡುತ್ತೇವೆ. ಗಾಡಿ, ಆಳು ವರ್ಷಪೂರ್ತಿ ಸಾಕಬೇಕು ಅವರೂ, ನ್ಯಾಯವೇ.

ನನ್ನ ಅಂಕ 5ಕ್ಕೆ 4. ಶಿವರಾತ್ರಿ ತೇರಿನ ವಾರಕ್ಕೆ ಮಾತ್ರ ಮೊದಲೇ ಹೇಳಿಡಿ, ಆಗ ಗಾಡಿ ತಡವಾಗುತ್ತದೆ.