ಹಿಟ್ಲರ್ ಬೇಗ ಸತ್ತಿದ್ದರೆ? ಮೂರು ತಾರೀಕುಗಳನ್ನು ಮೇಜಿನ ಮೇಲಿಟ್ಟು ನೋಡಿದ್ದು

ಮ್ಯೂನಿಕ್‌ನ ರೋಸನ್‌ಹೈಮರ್ ರಸ್ತೆಯಲ್ಲಿ, ಗಾಸ್ಟೈಗ್ ಹತ್ತಿರ, ನಡೆದಾಡುವ ಕಲ್ಲುಹಾಸಿನ ನಡುವೆ ಒಂದು ಫಲಕ ಹುದುಗಿದೆ. ಕೆಲಸಕ್ಕೆಂದು ಈ ಊರಿಗೆ ಬಂದ ಮೊದಲ ವರ್ಷ ನಾನು ಅದನ್ನು ಎಷ್ಟು ಸಲ ತುಳಿದು ಹೋಗಿದ್ದೇನೋ. ಒಂದು ಮಳೆಯ ಸಂಜೆ ಬಗ್ಗಿ ಓದಿದೆ. ಅಲ್ಲಿ ಹಿಂದೆ ಬ್ಯುರ್ಗರ್‌ಬ್ರಾಯ್‌ಕೆಲ್ಲರ್ ಎಂಬ ದೊಡ್ಡ ಬಿಯರ್ ಹಾಲ್ ಇತ್ತು. ಫಲಕ ಇರುವ ಜಾಗದಲ್ಲಿ ಅದರ ಒಂದು ಕಂಬ ಇತ್ತು. ಗೇಯಾರ್ಗ್ ಎಲ್ಸರ್ ಎಂಬ ಬಡಗಿ ಆ ಕಂಬವನ್ನು ಕೊರೆದು ಒಳಗೆ ಬಾಂಬ್ ಇಟ್ಟಿದ್ದ.

ಆ ಚಳಿಗಾಲ ನಾವು ನಾಲ್ಕು ಜನ ಕನ್ನಡದ ಗೆಳೆಯರು ಶನಿವಾರ ಸಂಜೆಗಳನ್ನು ಒಂದೇ ಪ್ರಶ್ನೆಗೆ ಕೊಟ್ಟೆವು. ಹಿಟ್ಲರನನ್ನು ಕೊಲ್ಲುವ ಪ್ರಯತ್ನಗಳಲ್ಲಿ ಗುರಿಗೆ ತೀರಾ ಹತ್ತಿರ ಬಂದ ಮೂರನ್ನು ಆರಿಸಿಕೊಂಡು, ಒಂದೊಂದೂ ಫಲಿಸಿದ್ದರೆ ಏನಾಗುತ್ತಿತ್ತು ಎಂದು ಆಡಿ ನೋಡುವುದು. ಊಟದ ಮೇಜಿನ ಮೇಲೆ ಯುರೋಪಿನ ನಕ್ಷೆ, ಮೂಲೆಗಳಿಗೆ ಉಪ್ಪಿನಕಾಯಿ ಬಾಟಲಿಗಳ ಭಾರ. ಒಬ್ಬೊಬ್ಬರಿಗೆ ಎರಡೆರಡು ಚೀಟಿ: ಲಂಡನ್, ಮಾಸ್ಕೋ, ಹಿಟ್ಲರನ ಬಲಗೈಯಂತಿದ್ದ ಗೋರಿಂಗ್, ಸೇನಾ ದಂಡನಾಯಕರು, ಪೋಲೆಂಡ್, ಹೀಗೆ. ಆಟದ ಒಂದು ಸುತ್ತು ಅಂದರೆ ಒಂದು ತಿಂಗಳು. ಒಂದು ಸಾವು ಬಿಟ್ಟು ಬೇರೇನನ್ನೂ ಬದಲಿಸುವಂತಿಲ್ಲ. ಆ ದಿನದವರೆಗೆ ಆ ವ್ಯಕ್ತಿಗೆ ಏನು ಗೊತ್ತಿತ್ತೋ ಅಷ್ಟನ್ನೇ ಹಿಡಿದು ಮಾತಾಡಬೇಕು.

ಎಲ್ಲರಿಗೂ ಗೊತ್ತಿರುವ 1944ರ ಜುಲೈ 20ರಿಂದ ಶುರು ಮಾಡಿದೆವು. ಕರ್ನಲ್ ಸ್ಟಾಫನ್‌ಬರ್ಗ್ ಪೂರ್ವ ಪ್ರಷ್ಯಾದಲ್ಲಿದ್ದ ಹಿಟ್ಲರನ ಯುದ್ಧ ಠಾಣೆಯಲ್ಲಿ ಚರ್ಮದ ಚೀಲವನ್ನು ಮೇಜಿನ ಕೆಳಗಿಟ್ಟು ಹೊರಬಂದ. 12:42ಕ್ಕೆ ಸ್ಫೋಟ. ನಾಲ್ವರು ಸತ್ತರು, ಹಿಟ್ಲರ್ ಉಳಿದ. ಎರಡು ಮದ್ದಿನ ಪೊಟ್ಟಣಗಳಲ್ಲಿ ಒಂದನ್ನು ಮಾತ್ರ ಸಜ್ಜು ಮಾಡಲು ಅವನಿಗೆ ಸಮಯ ಸಿಕ್ಕಿತ್ತು. ನಾವು ಎರಡೂ ಸಿಡಿದವು ಎಂದು ಹಿಡಿದೆವು. ಆಟ ಮೂರೇ ಸುತ್ತಿಗೆ ಮುಗಿಯಿತು. ನಾರ್ಮಂಡಿಯಲ್ಲಿ ಮಿತ್ರಸೇನೆ ಇಳಿದು ಆರು ವಾರ ಆಗಿತ್ತು, ಪೂರ್ವದಲ್ಲಿ ಜರ್ಮನರ ನಡುದಂಡು ಚೂರಾಗಿತ್ತು. ಬರ್ಲಿನ್‌ನ ಹೊಸ ಸರ್ಕಾರ ಏನೇ ಕೇಳಲಿ, ಲಂಡನ್ ಚೀಟಿ ಹಿಡಿದಿದ್ದ ಮಂಡ್ಯದ ಗೆಳೆಯ ಒಂದೇ ಮಾತು ಹೇಳುತ್ತಿದ್ದ: "ಷರತ್ತಿಲ್ಲದೆ ಶರಣಾಗಿ." ಅವನು ಹೇಳಿದ್ದು ಸರಿ. 1943ರ ಜನವರಿಯಲ್ಲೇ ಕಾಸಾಬ್ಲಾಂಕಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್ ಅದನ್ನು ಸಾರಿಬಿಟ್ಟಿದ್ದರು.

ಹಾಗಂತ ಈ ತಾರೀಕಿಗೆ ಬೆಲೆ ಇಲ್ಲ ಅನ್ನಲಾರೆ. ಇಡೀ ಯುದ್ಧದಲ್ಲಿ ಸತ್ತ ಜರ್ಮನ್ ಸೈನಿಕರಲ್ಲಿ ಸುಮಾರು ಅರ್ಧದಷ್ಟು ಮಂದಿ ಸತ್ತದ್ದು ಅದರ ನಂತರದ ತಿಂಗಳುಗಳಲ್ಲಿ. ಆದರೆ ಹಂಗೆರಿಯಿಂದ ನಾಲ್ಕು ಲಕ್ಷಕ್ಕೂ ಮಿಕ್ಕಿ ಯಹೂದಿಗಳನ್ನು ಹೊತ್ತ ರೈಲುಗಳು, ಹೆಚ್ಚಿನವು ಆಶ್‌ವಿಟ್ಸ್ ಎಂಬ ಕೊಲೆ ಶಿಬಿರಕ್ಕೆ, ಮೇ 15ರಿಂದ ಜುಲೈ 9ರ ನಡುವೆ ಹೋಗಿಬಿಟ್ಟಿದ್ದವು. ಹನ್ನೊಂದು ದಿನ ತಡ. ನಕ್ಷೆಯ ಮೇಲೆ ಹಂಗೆರಿಯಿಂದ ಆ ಹಳಿಯನ್ನು ಬೆರಳಲ್ಲಿ ಎಳೆಯುತ್ತಿದ್ದಾಗ ನಮ್ಮಲ್ಲಿ ಯಾರಿಗೂ ಮುಂದಿನ ಸುತ್ತು ಬೇಕಾಗಲಿಲ್ಲ.

ಎರಡನೆಯದು 1943ರ ಮಾರ್ಚ್ 13. ಸ್ಮೊಲೆನ್ಸ್ಕ್‌ಗೆ ಬಂದಿದ್ದ ಹಿಟ್ಲರನ ವಿಮಾನಕ್ಕೆ ಟ್ರೆಸ್ಕೋ ಮತ್ತು ಶ್ಲಾಬ್ರೆಂಡಾರ್ಫ್ ಎಂಬ ಅಧಿಕಾರಿಗಳು ಒಂದು ಕಟ್ಟು ಕೊಟ್ಟು ಕಳಿಸಿದರು. ಗೆಳೆಯನಿಗೆ ತಲುಪಿಸಬೇಕಾದ ಮದ್ಯದ ಬಾಟಲಿಗಳು ಅಂತ ನೆಪ. ಒಳಗಿದ್ದದ್ದು ಬ್ರಿಟಿಷ್ ಸ್ಫೋಟಕ. ಅದು ಸಿಡಿಯಲಿಲ್ಲ, ಬಹುಶಃ ಎತ್ತರದ ಚಳಿಗೆ. ಮರುದಿನ ಶ್ಲಾಬ್ರೆಂಡಾರ್ಫ್ ತಾನೇ ಹೋಗಿ, ತಪ್ಪಾಗಿ ಬೇರೆ ಕಟ್ಟು ಬಂದಿದೆ ಎಂದು ಹೇಳಿ, ನಿಜವಾದ ಬಾಟಲಿ ಕೊಟ್ಟು ಬಾಂಬನ್ನು ವಾಪಸ್ ತಂದ. ಆ ಎದೆಗಾರಿಕೆಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇದನ್ನು ಎರಡು ಸಲ ಆಡಿದೆವು, ಎರಡು ಸಲವೂ ಸಿಕ್ಕಿಕೊಂಡದ್ದು ಹಿಮ್ಲರ್ ಹತ್ತಿರ. ಅವನು ಆ ವಿಮಾನದಲ್ಲಿ ಇರಲಿಲ್ಲ. ನಾಜಿಗಳ ಎಸ್‌ಎಸ್ ಪಡೆ, ಪೊಲೀಸು, ಶಿಬಿರಗಳು ಎಲ್ಲ ಅವನ ಕೈಯಲ್ಲೇ ಉಳಿದವು. ಮೊದಲ ಸಲ ಸೈನ್ಯಕ್ಕೂ ಎಸ್‌ಎಸ್‌ಗೂ ನಾಲ್ಕು ತಿಂಗಳು ಹೊಡೆದಾಟ ಆಗಿ ಸೈನ್ಯ ಗೆದ್ದಿತು. ಎರಡನೇ ಸಲ ಹಿಮ್ಲರ್ ಗೆದ್ದ. ಹಂಗೆರಿಯ ಯಹೂದಿಗಳು ಒಂದು ಆಟದಲ್ಲಿ ಬದುಕಿದರು, ಇನ್ನೊಂದರಲ್ಲಿ ಇಲ್ಲ. ಪೋಲೆಂಡಿನ ಯಹೂದಿಗಳಲ್ಲಿ ಬಹುಪಾಲು ಮಂದಿಯನ್ನು ಆ ಮಾರ್ಚ್ ಹೊತ್ತಿಗೆ ಕೊಂದಾಗಿತ್ತು, ಅದನ್ನು ಯಾವ ಚೀಟಿಯೂ ತಿರುಗಿಸಲಾರದು.

ಕೊನೆಗೆ 1939ರ ನವೆಂಬರ್ 8, ನಮ್ಮ ಊರಿನ ಕಂಬ. ವರ್ಷವೂ ಆ ದಿನ ಹಿಟ್ಲರ್ ಆ ಹಾಲ್‌ನಲ್ಲಿ ಭಾಷಣ ಮಾಡುತ್ತಿದ್ದ. ಎಲ್ಸರ್ ಮೂವತ್ತಕ್ಕೂ ಹೆಚ್ಚು ರಾತ್ರಿ ಆ ಹಾಲ್‌ನಲ್ಲಿ ಅಡಗಿ ಕೂತು, ಬಾಗಿಲು ಹಾಕಿದ ಮೇಲೆ ಮಂಡಿಯೂರಿ ಕಂಬ ಕೊರೆದ. ಮಂಡಿ ಕೀವು ಕಟ್ಟಿತು. ಕೊರೆದ ಪುಡಿಯನ್ನೆಲ್ಲ ಹೊತ್ತು ಹೊರಗೆ ಸಾಗಿಸಿದ. ಒಂದು ನಿಂತರೆ ಇನ್ನೊಂದು ಇರಲಿ ಅಂತ ಎರಡು ಗಡಿಯಾರ ಜೋಡಿಸಿದ. ಸಮಯ ರಾತ್ರಿ 9:20ಕ್ಕೆ ಇಟ್ಟ. ಆ ವರ್ಷ ಮಂಜಿನಿಂದ ವಿಮಾನ ಹಾರುವುದು ಅನುಮಾನವಾಗಿ, ರೈಲು ಹಿಡಿಯಲು ಹಿಟ್ಲರ್ ಭಾಷಣವನ್ನು ಬೇಗ ಶುರು ಮಾಡಿ 9:07ಕ್ಕೆ ಮುಗಿಸಿ ಹೊರಟ. ಹದಿಮೂರು ನಿಮಿಷ. ಎಂಟು ಜನ ಸತ್ತರು, ಅವರಲ್ಲಿ ಒಬ್ಬಳು ಅಲ್ಲಿ ಬಡಿಸುತ್ತಿದ್ದ ಹೆಂಗಸು. ಆ ಹೊತ್ತಿಗಾಗಲೇ ಎಲ್ಸರ್ ಕಾನ್‌ಸ್ಟಾನ್ಸ್‌ನ ಸ್ವಿಸ್ ಗಡಿಯಲ್ಲಿ ಸಿಕ್ಕಿಬಿದ್ದಿದ್ದ. 1945ರ ಏಪ್ರಿಲ್ 9ರಂದು ಡಾಖಾವ್ ಶಿಬಿರದಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ಉಳಿದ ಎರಡಕ್ಕಿಂತ ಈ ತಾರೀಕು ಬೇರೆಯಾಗುವುದು ಆ ಸಂಜೆ ಯಾರು ಯಾರು ಅಲ್ಲಿದ್ದರು ಎನ್ನುವುದರಿಂದ. ನಾಜಿ ಮುಖಂಡರಾದ ಗೊಬೆಲ್ಸ್, ಹೆಸ್, ಹಿಮ್ಲರ್, ಹೈಡ್ರಿಖ್ ಎಲ್ಲರೂ ಬಂದಿದ್ದರು. ಎಲ್ಸರನ ಗಡಿಯಾರ ಸರಿಹೋಗಿದ್ದರೆ ಹಿಟ್ಲರ್ ಒಬ್ಬನೇ ಅಲ್ಲ, ಅವನ ಹಿಂದಿನ ಸಾಲೂ ಹೋಗಬಹುದಿತ್ತು. ಸ್ಟಾಫನ್‌ಬರ್ಗ್‌ಗೆ ಸಿಗದ ಅವಕಾಶ ಅದು. ಗೋರಿಂಗ್ ಮಾತ್ರ ಅಲ್ಲಿರಲಿಲ್ಲ, ಮತ್ತು ಸೆಪ್ಟೆಂಬರ್ 1ರಂದೇ ಹಿಟ್ಲರ್ ಅವನನ್ನು ಉತ್ತರಾಧಿಕಾರಿ ಎಂದು ಸಾರಿದ್ದ. ಹಾಗಾಗಿ ಗೋರಿಂಗ್ ಚೀಟಿ ಹಿಡಿದ ನನಗೆ ಮೊದಲ ಸುತ್ತಿನಲ್ಲೇ ಇಡೀ ಜರ್ಮನಿ ಬಂತು.

ಪಶ್ಚಿಮಕ್ಕೆ, ಅಂದರೆ ಫ್ರಾನ್ಸ್ ಕಡೆಗೆ, ಮಾಡಬೇಕಿದ್ದ ದಾಳಿಗೆ ನವೆಂಬರ್ 12 ಎಂದು ದಿನ ಇಟ್ಟಿದ್ದರು, ಹವೆ ನೋಡಿ 7ರಂದು ಮುಂದೂಡಿದ್ದರು. ಸೇನಾ ಮುಖ್ಯಸ್ಥರಾದ ಬ್ರೌಖಿಟ್ಶ್, ಹಾಲ್ಡರ್ ಇಬ್ಬರಿಗೂ ಆ ದಾಳಿ ಬೇಡವಾಗಿತ್ತು. ಫ್ರಾನ್ಸನ್ನು ಆರು ವಾರದಲ್ಲಿ ಕೆಡವಿದ, ದಂಡನಾಯಕ ಮಾನ್‌ಸ್ಟೈನ್ ಹೆಣೆದ ಯೋಜನೆ ಹಿಟ್ಲರನ ಮುಂದೆ ಬಂದದ್ದೇ 1940ರ ಫೆಬ್ರವರಿಯಲ್ಲಿ, ಅದರ ಬೆನ್ನಿಗೆ ನಿಂತದ್ದು ಹಿಟ್ಲರನೇ. ಹಿಟ್ಲರ್ ಇಲ್ಲದ ಮೇಜಿನಲ್ಲಿ ಅದಕ್ಕೆ ಒತ್ತಾಸೆ ಕೊಡುವವರು ಯಾರೂ ಇರಲಿಲ್ಲ. ಮೂರು ಸಲ ಆಡಿದೆವು, ಮೂರು ಸಲವೂ ವಸಂತದ ಹೊತ್ತಿಗೆ ಪಶ್ಚಿಮದಲ್ಲಿ ಕದನವಿರಾಮ ಆಯಿತು. ಪ್ಯಾರಿಸ್ ಬೀಳಲಿಲ್ಲ, ಸೋವಿಯತ್ ಮೇಲೆ ದಾಳಿಯೂ ಆಗಲಿಲ್ಲ.

ನಮ್ಮ ದೇಶದ ಕಡೆ ತಿರುಗಿದಾಗ ಮಾತ್ರ ಗೊಂದಲ. ವೈಸರಾಯ್ ಯಾರನ್ನೂ ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದದ್ದಕ್ಕೆ ಆ ಚಳಿಗಾಲವೇ ಕಾಂಗ್ರೆಸ್ ಸರ್ಕಾರಗಳು ರಾಜೀನಾಮೆ ಕೊಟ್ಟಿದ್ದವು, ಧಾರವಾಡ, ಬೆಳಗಾವಿಗಳನ್ನು ಆಳುತ್ತಿದ್ದ ಮುಂಬಯಿ ಸರ್ಕಾರವೂ ಸೇರಿ. ಬ್ರಿಟನ್ ದಿವಾಳಿಯಾಗದಿದ್ದರೆ 1947 ನಮಗೆ ಅದೇ ವರ್ಷ ಬರುತ್ತಿತ್ತೇ? ನನಗೆ ಅನುಮಾನ.

ಆದರೂ ಮೂರರಲ್ಲಿ ಒಂದನ್ನು ಆರಿಸು ಎಂದರೆ ನಾನು ಎಲ್ಸರನ ರಾತ್ರಿಯನ್ನೇ ಆರಿಸುತ್ತೇನೆ. ಉಳಿದವರು ಯುದ್ಧ ಸೋಲುವಾಗ ಕೈಹಾಕಿದರು. ಇವನು ಯುದ್ಧ ಬೆಳೆಯದಿರಲಿ ಎಂದು, ದೇಶವೆಲ್ಲ ಗೆಲುವಿನ ಅಮಲಲ್ಲಿದ್ದಾಗ, ಒಬ್ಬನೇ ಮಂಡಿಯೂರಿದ.

ಇದನ್ನು ಹೇಳಿ ನಾನು ಆ ಕದನವಿರಾಮದ ಒಪ್ಪಂದದ ಹಾಳೆಯನ್ನು ಸಹಿಗೆ ಮೇಜಿನ ಸುತ್ತ ಕಳಿಸಿದೆ. ಪೋಲೆಂಡ್ ಚೀಟಿ ಧಾರವಾಡದ ಗೆಳೆಯನ ಹತ್ತಿರ ಇತ್ತು. ಅವನು ನಕ್ಷೆ ನೋಡಿದ. ಪೋಲೆಂಡಿನ ರಾಜಧಾನಿ ವಾರ್ಸಾ ಇನ್ನೂ ಜರ್ಮನರ ಕೈಯಲ್ಲಿ, ಪೂರ್ವದ ಊರು ಲ್ವೊವ್ ರಷ್ಯದ ಕೈಯಲ್ಲಿ. ಜರ್ಮನರು ಕ್ರಾಕೋವ್‌ನಿಂದ ಬಂಧಿಸಿ ಒಯ್ದ ಪೋಲಿಷ್ ಪ್ರೊಫೆಸರ್‌ಗಳು ಇನ್ನೂ ಶಿಬಿರದಲ್ಲಿ.

"ನಾ ಸಹಿ ಮಾಡಂಗಿಲ್ಲ," ಅಂದ. "ನಿಮ್ಮ ಯುದ್ಧ ನಿಂತದ. ನನ್ನ ಊರು ನನಗ ಎಲ್ಲಿ ವಾಪಸ್ ಬಂತು?"

ಮೂರು ಆಟದಲ್ಲೂ ಆ ಹಾಳೆಯ ಮೇಲೆ ಅವನ ಸಹಿಯ ಜಾಗ ಖಾಲಿ ಇದೆ. ಮುಂದಿನ ಶನಿವಾರ ಗೋರಿಂಗ್ ಚೀಟಿ ಅವನಿಗೆ, ಪೋಲೆಂಡ್ ನನಗೆ.